ಒಂದು ಓರೆ ತುಂಡು

ಕಪಾಟಿನ ಮೇಲಿದ್ದ, ಬಟ್ಟೆ ಕತ್ತರಿಸುವಾಗ ಅಡಿಯಲ್ಲಿ ಹಾಸುವ ಹಳೆಯ ಕಟಿಂಗ್ ಮ್ಯಾಟನ್ನು ಕೆಳಗಿಳಿಸಿದ್ದು ನಾನಲ್ಲ, ನನ್ನ ನಾದಿನಿ ಸುಜಾತಾಳ ಮಗಳು ಅಕ್ಷತಾ. ಕಾಲೇಜಿಗೆ ರಜೆ ಬಿದ್ದರೆ ಸಾಕು, ಅಂಕೋಲೆಯ ಕೇಣಿಯಿಂದ ಬಸ್ಸು ಹತ್ತಿ ಕಾರವಾರದ ನಮ್ಮ ಮನೆಗೆ ಬಂದುಬಿಡುತ್ತಾಳೆ. ಈ ಸಲ ಬರುವಾಗ ತನ್ನ ಹಳೆಯ ಗೋದಡಿಯನ್ನೂ ಚೀಲದಲ್ಲಿ ತುರುಕಿಕೊಂಡು ಬಂದಿದ್ದಳು. ಅವಳು ಹುಟ್ಟಿದಾಗ ನಾನೇ ಮಾಡಿಕೊಟ್ಟ ಗೋದಡಿ ಅದು. ಈಗ ಹೊದ್ದರೆ ಅವಳ ಮೊಣಕಾಲಿಗೂ ಸಾಲುವುದಿಲ್ಲ, ಆದರೂ ಹಾಸ್ಟೆಲಿನಲ್ಲಿ ದಿಂಬಿನ ಮೇಲೆ ಹಾಸಿಕೊಂಡು ಮಲಗುತ್ತಾಳಂತೆ. ಅದರ ಅಂಚು ಸವೆದು ಎಳೆ ಬಿಟ್ಟಿತ್ತು. ಹೊಸ ಪಟ್ಟಿ ಕತ್ತರಿಸಿ ಹೊಲಿದುಕೊಡಬೇಕಿತ್ತು.

"ಮ್ಯಾಟ್ ತಗೊಂಡು ಬಾ" ಎಂದೆ. ನಾನು ಹೇಳಿದ್ದು ಮೇಜಿನ ಕೆಳಗಿದ್ದ ಹೊಸದನ್ನು. ಅವಳು ತಂದದ್ದು ಕಪಾಟಿನ ಮೇಲೆ ಪಂಚೆಯಲ್ಲಿ ಸುತ್ತಿಟ್ಟಿದ್ದ ಹಳೆಯದನ್ನು. ಪಂಚೆ ಬಿಚ್ಚಿದಳೋ ಇಲ್ಲವೋ, ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

"ಮಾಮೀ, ಇದೆಂತ ವಾಸನೆ? ಯಾವ ಕಾಲದ ಮೀನು ಸುತ್ತಿಟ್ಟಿದ್ರಿ ಇದ್ರಲ್ಲಿ?"

ಒಣ ಸಿಗಡಿಯ ವಾಸನೆ. ಸೋಪು ಹಾಕಿ ತಿಕ್ಕಿದ್ದೇನೆ, ನಿಂಬೆಹಣ್ಣು ಹಿಂಡಿದ್ದೇನೆ, ಒಂದು ಮಳೆಗಾಲವಿಡೀ ಸೂರಿನ ನೀರಿಗೆ ಒಡ್ಡಿಯೂ ನೋಡಿದ್ದೇನೆ. ವಾಸನೆ ಜಗ್ಗಿಲ್ಲ. ನಿಮಗೆ ಸಿಗಡಿ ಚಟ್ನಿ ತಿಂದು ಗೊತ್ತಿದ್ದರೆ ಈ ವಾಸನೆಗೆ ಬಾಯಲ್ಲಿ ನೀರು ಬರುತ್ತದೆ, ಗೊತ್ತಿಲ್ಲದಿದ್ದರೆ ಕರವಸ್ತ್ರ ಬೇಕಾಗುತ್ತದೆ. ಅಗಸೂರಿನ ಗದ್ದೆಯ ಮನೆಯಲ್ಲಿ ಹುಟ್ಟಿದ ನಾನು ಕಡಲ ಮನೆಗೆ ಮದುವೆಯಾಗಿ ಬಂದ ಹೊಸತರಲ್ಲಿ ಎರಡನೆಯ ಪಂಗಡದವಳಾಗಿದ್ದೆ. ಈಗ ಮೊದಲನೆಯದು.

ಅಂದಿನ ಕತೆಗೆ ಹೋಗುವ ಮೊದಲು ನನ್ನ ಅಳತೆಯ ಹುಚ್ಚಿನ ಬಗ್ಗೆ ಹೇಳಿಬಿಡಬೇಕು, ಇಲ್ಲವಾದರೆ ಉಳಿದದ್ದು ನಿಮಗೆ ಅರ್ಥವಾಗುವುದಿಲ್ಲ. ಚಿಕ್ಕವಳಿದ್ದಾಗ ನಾನು ಅಣ್ಣನ ಫೂಟುಪಟ್ಟಿ ಕದ್ದು, ಅದನ್ನಿಟ್ಟು ಅಂಗಳದಲ್ಲಿ ರಂಗೋಲಿಯ ಚುಕ್ಕಿ ಹಾಕುತ್ತಿದ್ದೆ. ಚುಕ್ಕಿ ಮುಗಿಯುವ ಹೊತ್ತಿಗೆ ಬಿಸಿಲು ಏರಿ, ಕೋಳಿಗಳು ಬಂದು ಅರ್ಧ ಅಳಿಸಿರುತ್ತಿದ್ದವು. ದೋಸೆ ದುಂಡಗೆ ಬಾರದಿದ್ದರೆ ನನಗೆ ಸಿಟ್ಟು. ನಮ್ಮ ಗದ್ದೆಯ ಹಾಳಿ, ಅಂದರೆ ಬದು, ನೆಟ್ಟಗಿಲ್ಲವೆಂದು ಅಪ್ಪನ ಹತ್ತಿರ ಜಗಳವಾಡಿದ್ದೂ ಉಂಟು. "ನೀರಿಗೆ ಹೆಂಗೆ ಬೇಕೋ ಹಂಗೆ ಅದೆ ಹಾಳಿ, ನಿಂಗೆ ಬೇಕಾದ ಹಂಗಲ್ಲ" ಎಂದು ಅಪ್ಪ ನಗುತ್ತಿದ್ದರು. ಇಂಥವಳು ಹೊಲಿಗೆ ಕಲಿತು ಬ್ಲೌಸು ಹೊಲಿಯುವವಳಾದದ್ದು ಆಶ್ಚರ್ಯವೇನಲ್ಲ. ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಿಷಿನ್ ಇಟ್ಟುಕೊಂಡಿದ್ದೆ. ಯಜಮಾನರು ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ದೂರದ ಹಣಕೋಣದಿಂದ ಕೂಡ ಹೆಂಗಸರು ಬ್ಲೌಸು ಹೊಲಿಸಲು ನನ್ನಲ್ಲಿಗೇ ಬರುತ್ತಿದ್ದರು ಎಂದು ಹೇಳಿಕೊಳ್ಳಲು ನನಗೆ ಈಗಲೂ ಸ್ವಲ್ಪ ಜಂಬವಿದೆ.

ಹಾಗೆ ಬರುತ್ತಿದ್ದವರಲ್ಲಿ ನೌಕಾನೆಲೆಯ ಕ್ವಾರ್ಟರ್ಸಿನ ಒಬ್ಬ ಮಹಿಳೆಯೂ ಇದ್ದರು. ಉತ್ತರದ ಕಡೆಯವರು, ನೌಕಾಪಡೆಯ ಅಧಿಕಾರಿಯೊಬ್ಬರ ಹೆಂಡತಿ. ಅವರಿಗೆ ತುಂಡು ಬಟ್ಟೆ ಜೋಡಿಸಿ ಗೋದಡಿ ಮಾಡುವ ಹವ್ಯಾಸ. ಅದನ್ನವರು ಕ್ವಿಲ್ಟ್ ಎನ್ನುತ್ತಿದ್ದರು. ಘಟ್ಟದ ಮೇಲೆ ಅದೇ ಕೌದಿ, ನಮ್ಮ ಅಗಸೂರಿನಲ್ಲಿ ಗೋದಡಿ, ಅತ್ತೆಯ ಕೊಂಕಣಿಯಲ್ಲಿ ವಾಕಳ. ಯಾವ ಹೆಸರಿನಲ್ಲಿ ಕರೆದರೂ ಚಳಿಗೆ ಅಷ್ಟೇ ಬೆಚ್ಚಗೆ. ಗಂಡನಿಗೆ ವರ್ಗವಾದಾಗ ಅವರು ಸಾಮಾನು ಕಡಿಮೆ ಮಾಡಿಕೊಳ್ಳಬೇಕಾಗಿ ಬಂದು, ತಮ್ಮ ಗೆರೆ ಹಾಕಿದ ಹಸಿರು ಪ್ಲಾಸ್ಟಿಕ್ ಮ್ಯಾಟು, ಗಾಜಿನಂತೆ ಆಚೆಬದಿ ಕಾಣುವ ಅಗಲವಾದ ಒಂದು ಅಳತೆಪಟ್ಟಿ, ಚಕ್ರದ ಬ್ಲೇಡು ಎಲ್ಲವನ್ನೂ ನನ್ನ ಕೈಗಿಟ್ಟರು. ಬರೀ ಕೊಡಲಿಲ್ಲ. ಒಂದು ಇಡೀ ಮಧ್ಯಾಹ್ನ ಕೂತು ಕಲಿಸಿದರು. ಅವರ ಹಿಂದಿಗೂ ನನ್ನ ಟೀವಿ ಹಿಂದಿಗೂ ನಡುವೆ ಬಟ್ಟೆ ಇತ್ತು, ಅದರಿಂದ ಮಾತು ನಡೆಯಿತು.

ಮೊದಲು ಬಟ್ಟೆಯ ಗಟ್ಟಿ ಅಂಚನ್ನು ತೆಗೆದುಹಾಕಬೇಕು. ಮಡಿಕೆಯನ್ನು ಮ್ಯಾಟಿನ ಗೆರೆಗೆ ಕೂರಿಸಬೇಕು. ಪಟ್ಟಿಯ ಮೇಲೆ ಎಡಗೈಯ ಬೆರಳುಗಳನ್ನು ಅಗಲಿಸಿ ಒತ್ತಿ, ಕಿರುಬೆರಳನ್ನು ಮಾತ್ರ ಪಟ್ಟಿಯ ಹೊರಗೆ ಮ್ಯಾಟಿಗೆ ಊರಿಕೊಳ್ಳಬೇಕು, ಆಗ ಪಟ್ಟಿ ಜಾರುವುದಿಲ್ಲ. ಬ್ಲೇಡನ್ನು ನಮ್ಮ ಮೈಯಿಂದ ಆಚೆಗೆ ಉರುಳಿಸಬೇಕು, ಒಂದೇ ಸಲಕ್ಕೆ, ಮಧ್ಯೆ ಎತ್ತಬಾರದು. ಹೊಲಿಗೆಗೆಂದು ಸುತ್ತಲೂ ಕಾಲಿಂಚು ಬಿಡುವುದನ್ನು ಮರೆಯಬಾರದು. ಒಂದೊಂದು ತುಂಡಿನಲ್ಲಿ ಒಂದೊಂದು ಎಳೆಯಷ್ಟು ತಪ್ಪಿದರೂ ಸಾಲಿನ ಕೊನೆಗೆ ಹೋಗುವಾಗ ಮೂಲೆಗೆ ಮೂಲೆ ಕೂಡುವುದಿಲ್ಲ. ಕೇಳುತ್ತಾ ಕೇಳುತ್ತಾ ನನಗೆ ಇಷ್ಟು ವರ್ಷ ಕಳೆದುಹೋಗಿದ್ದ ಅಕ್ಕ ಸಿಕ್ಕಂತಾಯಿತು. ಹೊರಡುವಾಗ ಅವರು ಹೇಳಿದ ಕೊನೆಯ ಮಾತು, ಮ್ಯಾಟನ್ನು ಬಿಸಿಲಿಗೆ ಇಡಬೇಡಿ, ಬಗ್ಗಿಹೋಗುತ್ತದೆ, ಬಗ್ಗಿದರೆ ಮತ್ತೆ ಸರಿಯಾಗುವುದಿಲ್ಲ ಎಂದು.

ಇದನ್ನು ನಾನು ಮನೆಯಲ್ಲಿ ಬೆರಳೆತ್ತಿ ಸಾರಿದೆ. "ನೋಡಿ, ಈ ಹಸಿರು ಚಾಪೆ ಯಾರೂ ಬಿಸಿಲಿಗೆ ಒಯ್ಯಬಾರ್ದು. ಒಯ್ದ್ರೆ ಬಗ್ಗಿಹೋಗ್ತದೆ." ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಮಾತ್ರ ಹತ್ತಿರ ಬಂದು, ಮ್ಯಾಟಿನ ಮೇಲೆ ಅಂಗೈ ಆಡಿಸಿ, "ಇಷ್ಟು ದಪ್ಪ ಅದೆ, ಬಿಸ್ಲಿಗೆ ಬಗ್ತದಾ?" ಎಂದು ಕೇಳಿದರು. "ಬಗ್ತದೆ ಅತ್ತೆ" ಎಂದೆ. "ಹೌದಾ ಗೋ" ಎಂದರು.

ಅತ್ತೆಯ ಕನ್ನಡಕ್ಕೆ ಕೊನೆಯಲ್ಲಿ ಈ "ಗೋ" ಒಂದು ಕೊಂಕಣಿ ಬಾಲ. ಹೆಂಗಸರನ್ನು ಪ್ರೀತಿಯಿಂದ ಕರೆಯುವಾಗಲೂ ಬೈಯುವಾಗಲೂ ಅದೇ. ಅವರು ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರಿ ಇಬ್ಬರು ಮಕ್ಕಳನ್ನು ಬೆಳೆಸಿದವರು. ಮೊಣಕಾಲು ಹಿಡಿದ ಮೇಲೆ ಬುಟ್ಟಿ ಇಳಿಸಿ ಮನೆಯಲ್ಲಿ ಕೂತಿದ್ದರು. ಕೂತಿದ್ದರು ಎಂದರೆ ಕೈಕಟ್ಟಿ ಕೂತಿದ್ದರು ಎಂದುಕೊಳ್ಳಬೇಡಿ. ಹಳೆಯ ಸೀರೆಗಳಿಂದ ವಾಕಳ ಹೊಲಿಯುತ್ತಿದ್ದರು, ಬೇಸಗೆಯಲ್ಲಿ ಮಳೆಗಾಲಕ್ಕೆಂದು ಸಿಗಡಿ, ಅವರ ಮಾತಿನಲ್ಲಿ ಸುಂಗಟ, ಒಣಗಿಸುತ್ತಿದ್ದರು, ಉಳಿದ ಹೊತ್ತಿನಲ್ಲಿ ಓಣಿಯ ಉಳಿದ ಹೆಂಗಸರು ಸಿಗಡಿ ಒಣಗಿಸುವುದರ ತಪ್ಪು ಹುಡುಕುತ್ತಿದ್ದರು.

ಈ ವಿಷಯದಲ್ಲಿ ಅವರ ಬಾಯಿಗೆ ಓಣಿಯೇ ಹೆದರುತ್ತಿತ್ತು. ಒಂದು ವರ್ಷ ಪಕ್ಕದ ಮನೆಯ ಹೊಸ ಸೊಸೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ ಸಿಗಡಿ ಹರಡಿದ್ದಳು. ಅತ್ತೆ ಬೇಲಿಯ ಹತ್ತಿರ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ಪ್ಲಾಸ್ಟಿಕ್ ಮೇಲೆ ಸುಂಗಟ ಹರಡೂದಾ? ಯಾರು ಕಲ್ಸಿದ್ರು ನಿಂಗೆ? ಕೆಳಗೆ ಬೆವರ್ತದೆ ಗೋ! ಮೇಲಿಂದ ಒಣಗಿದ ಹಂಗೆ ಕಾಣ್ತದೆ, ಕೆಳಗೆ ಕೊಳೀತಾ ಇರ್ತದೆ. ಮಳೆಗಾಲ್ದಲ್ಲಿ ಡಬ್ಬಿ ಬಾಯಿ ತೆಗೀವಾಗ ಗೊತ್ತಾಗ್ತದೆ!"

ಆ ಹುಡುಗಿ ಅಳುಮೋರೆ ಮಾಡಿಕೊಂಡು ಎಲ್ಲವನ್ನೂ ಬಾಚಿ, ತೆಂಗಿನ ಗರಿ ಹೆಣೆದ ತಟ್ಟಿಗೆ ಸುರಿದಳು. ಅತ್ತೆ ಸಂಜೆ ತಮ್ಮದೇ ಡಬ್ಬಿಯಿಂದ ಒಂದು ಬೊಗಸೆ ಒಣ ಸಿಗಡಿ ಅವಳಿಗೆ ಕೊಟ್ಟು ಬಂದರು. ಬೈದದ್ದಕ್ಕೆ ಅಷ್ಟೇ ಅವರ ಸಮಾಧಾನ.

ಅವರ ವಾಕಳದ ವಿಷಯಕ್ಕೆ ಬರುತ್ತೇನೆ. ಅಳತೆಪಟ್ಟಿ ಅವರಿಗೆ ಬೇಡ. ಗೇಣಿಟ್ಟು ನೋಡಿ, ಹಲ್ಲಿನಿಂದ ಒಂದು ಕಚ್ಚು ಮಾಡಿ, ಸರ್ರನೆ ಹರಿಯುತ್ತಿದ್ದರು. ತುಂಡುಗಳು ದೊಡ್ಡಚಿಕ್ಕ ಆಗುತ್ತಿದ್ದವು, ಆ ಬಗ್ಗೆ ಅವರಿಗೆ ನಾಚಿಕೆಯೂ ಇಲ್ಲ, ಹೆಮ್ಮೆಯೂ ಇಲ್ಲ. ಆದರೆ ಪ್ರತಿ ವಾಕಳದಲ್ಲೂ ಕಾಲಿನ ಕಡೆಗೆ ಒಂದು ತುಂಡು ಮಾತ್ರ ಉಳಿದವುಗಳಂತೆ ಇರುತ್ತಿರಲಿಲ್ಲ. ಎದ್ದು ಕಾಣುವ ಹಾಗೆ ಓರೆಯಾಗಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು ಅದನ್ನು ತೋರಿಸಿ, "ಇಲ್ಲಿ ತಪ್ಪಿದೆ ಅತ್ತೆ" ಎಂದಿದ್ದೆ.

"ತಪ್ಪಿದ್ದಲ್ಲ, ಹಾಕಿದ್ದು" ಎಂದಿದ್ದರು. "ಎಲ್ಲಾ ಸಮಾ ಇದ್ರೆ ನೋಡಿದವ್ರ ಕಣ್ಣು ಅಲ್ಲೇ ಕೂಡ್ತದೆ. ಮಕ್ಳ ಕೆನ್ನೆಗೆ ಕಾಡಿಗೆ ಬೊಟ್ಟು ಇಡೂದಿಲ್ವಾ? ಹಂಗೆ ಇದು."

ನಾನು ತಲೆಯಾಡಿಸಿದೆ. ಒಳಗೊಳಗೆ, ಅಡ್ಡಾದಿಡ್ಡಿ ಕತ್ತರಿಸುವವರಿಗೆ ಇದೊಂದು ಒಳ್ಳೆಯ ಸಬೂಬು ಎಂದುಕೊಂಡೆ.

ಮ್ಯಾಟು ಮನೆಗೆ ಬಂದ ವರ್ಷವೇ ಸುಜಾತಾ ಬಸುರಿಯಾಗಿ ತವರಿಗೆ ಬಂದಳು. ಮೂರನೆಯ ಸಲ. ಮೊದಲಿನ ಎರಡೂ ಸಲ ಹೊಟ್ಟೆ ಕಾಣುವ ಮೊದಲೇ ಹೋಗಿತ್ತು. ಎರಡನೆಯ ಸಲವಂತೂ ಅವಳು ಕೇಣಿಯ ಮನೆಯಲ್ಲಿ ತಿಂಗಳುಗಟ್ಟಲೆ ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಈ ಸಲ ಏಳನೆಯ ತಿಂಗಳ ತನಕ ಬಂದಿತ್ತು. ಓಡಾಡದೆ ಮಲಗಿರಬೇಕು ಎಂದು ಡಾಕ್ಟರು ಹೇಳಿದ್ದರಿಂದ ಬೇಗನೇ ಕರೆತಂದೆವು. ಮನೆಯಲ್ಲಿ ಯಾರೂ ಮಗು ಎಂಬ ಪದವನ್ನೇ ಎತ್ತುತ್ತಿರಲಿಲ್ಲ. ಅತ್ತೆ ಮಗಳ ಮುಖ ನೋಡುವುದಕ್ಕಿಂತ ಹೆಚ್ಚಾಗಿ ಅವಳ ನಡಿಗೆ ನೋಡುತ್ತಿದ್ದರು. ಆಗ ಪಾತ್ರೆ ಬಿದ್ದು ಸದ್ದಾದರೂ ಎಲ್ಲರೂ ಒಮ್ಮೆ ನಿಲ್ಲುತ್ತಿದ್ದೆವು.

ಮಾತೆತ್ತಿದವಳು ಸುಜಾತಾಳೇ. ಮಲಗಿ ಮಲಗಿ ಬೇಸತ್ತು, ನಾನು ಕತ್ತರಿಸುವುದನ್ನು ನೋಡುತ್ತಾ, "ವೈನೀ, ಇದ್ರ ಮೇಲೆ ಒಂದು ಚಿಕ್ಕ ವಾಕಳ ಮಾಡ್ಕೊಡಿ. ಒಂದೂ ತುಂಡು ಹೆಚ್ಚುಕಮ್ಮಿ ಇರ್ಬಾರ್ದು, ಅಂಗಡಿಯದ್ದರ ಹಂಗೆ" ಎಂದಳು. ಅವಳು ಮುಂದಿನದನ್ನು ನೆನೆದು ನಕ್ಕದ್ದನ್ನು ನಾನು ಅಂದೇ ಮೊದಲ ಸಲ ನೋಡಿದ್ದು. ನನಗೆ ಅಷ್ಟು ಸಾಕಾಯಿತು.

ಬಟ್ಟೆಗೆ ಅವಳೇ ಅಮ್ಮನ ಟ್ರಂಕಿನಿಂದ ಒಂದು ಕೆಂಪು ಚೌಕಳಿ ಸೀರೆ ತೆಗೆಸಿದಳು. ಸುಜಾತಾ ಹುಟ್ಟಿದಾಗ ಅತ್ತೆ ಅವಳನ್ನು ಸುತ್ತಿ ಆಸ್ಪತ್ರೆಯಿಂದ ಮನೆಗೆ ತಂದ ಸೀರೆ. ಒಗೆದು ಒಗೆದು ಹೂವಿನಷ್ಟು ಮೆದುವಾಗಿತ್ತು, ನಡುವೆ ಹರಿದೂ ಇತ್ತು. ಹರಿದಲ್ಲಿ ಬಿಟ್ಟು ಉಳಿದದ್ದರಲ್ಲಿ ಲೆಕ್ಕ ಹಾಕಿದೆ. ಸರಿಯಾಗಿ ಕತ್ತರಿಸಿದರೆ ಸಾಕಾಗುವಷ್ಟು ಚೌಕಗಳು, ಒಂದು ತಪ್ಪಿದರೂ ಬದಲಿಗೆ ಹಾಕಲು ಬಟ್ಟೆ ಇಲ್ಲ. ಅಷ್ಟು ಮೆದು ಬಟ್ಟೆ ಪಟ್ಟಿಯ ಕೆಳಗೆ ನೀರಿನಂತೆ ಹರಿದಾಡುತ್ತದೆ. ಅದಕ್ಕೆ ಗಂಜಿತಿಳಿ ಹಾಕಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಕಾಗದದಷ್ಟು ಬಿರುಸು ಮಾಡಿಕೊಂಡೆ. ಕಿಟಕಿ ಮುಚ್ಚಿದೆ, ಮಧ್ಯಾಹ್ನದ ಕಡಲ ಗಾಳಿಗೆ ತುಂಡುಗಳು ಹಾರಿಹೋಗುತ್ತವೆಂದು. ಬೆವರು ಬಟ್ಟೆಗೆ ಬೀಳದಂತೆ ಹಣೆಗೆ ಟವೆಲ್ ಕಟ್ಟಿಕೊಂಡೆ. ಇಷ್ಟೆಲ್ಲ ಸಿದ್ಧತೆ ಮಾಡಿ ಪಟ್ಟಿಯ ಮೇಲೆ ಕೈಯಿಟ್ಟೆನೋ ಇಲ್ಲವೋ, ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಎಂತ ಮಾಡ್ತಾ ಇದ್ದಿ?"

ಹೇಳಿದೆ.

ಅವರ ಮುಖ ಕಪ್ಪಿಟ್ಟಿತು. "ಬರದವ್ರಿಗೆ ಅಳತೆ ತೆಗೀತಾರಾ ಯಾರಾದ್ರೂ? ಹುಟ್ಟೂ ತನಕ ಒಂದು ಎಳೆ ಸಹ ಹೊಲೀಬಾರ್ದು. ನಿಂಗೆ ಗೊತ್ತಿಲ್ವಾ? ಅದೂ ಈ ಮನೇಲಿ?"

ಸುಜಾತಾ ಮಂಚದಿಂದ ಅಳುವ ದನಿಯಲ್ಲಿ, "ಆಯಿ, ನಾನೇ ಹೇಳಿದ್ದು" ಎಂದಳು. ಯಜಮಾನರು ಊಟಕ್ಕೆ ಬಂದವರು ನಡುವೆ ಸಿಕ್ಕಿಹಾಕಿಕೊಂಡು, ಎಂಜಿನ್ ಎಣ್ಣೆಯ ಕೈಯನ್ನು ಒರೆಸಿಕೊಳ್ಳುತ್ತಾ ರಾಜಿ ಮಾಡಿಸಿದರು. "ಕತ್ತರ್ಸಿ ಇಟ್ಕೊಳ್ಲಿ ಬಿಡು ಆಯಿ. ಹೊಲಿಯೂದು ಹುಟ್ಟಿದ ಮೇಲೆ."

ಅತ್ತೆ ಹೋಗಿ ಮಗಳ ಹೊದಿಕೆ ಸರಿಮಾಡಿದರು. ಆಮೇಲೆ ನನ್ನ ಹತ್ತಿರ ಬಂದು, ಮಗಳಿಗೆ ಕೇಳದಂತೆ, "ಆಯ್ತು. ಆದ್ರೆ ಒಂದು ತುಂಡು ಓರೆ ಕತ್ತರ್ಸು ಗೋ. ಒಂದೇ ಒಂದು" ಎಂದರು.

ಅವರು ನನ್ನಲ್ಲಿ ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲಿರಬೇಕು. ನಾನು ನಕ್ಕೆ. "ಈ ಮ್ಯಾಟಿನ ಮೇಲೆ ಓರೆ ಬರೂದೇ ಇಲ್ಲ ಅತ್ತೆ! ಮತ್ತೆ ಅವಳು ಎಲ್ಲಾ ಸಮಾ ಬೇಕು ಅಂದಿದ್ದಾಳೆ."

"ನಿನ್ನ ಬುಟ್ಟಿ, ನಿನ್ನ ಕೈ" ಎಂದು ಅವರು ಹೊರಟುಹೋದರು.

ಇದು ಮಾರ್ಕೆಟ್ಟಿನ ಮಾತು. ಮೀನು ಮಾರುವ ಹೆಂಗಸರು ಎಷ್ಟೇ ಜಗಳವಾಡಲಿ, ಒಬ್ಬಳ ಬುಟ್ಟಿಗೆ ಇನ್ನೊಬ್ಬಳು ಕೈ ಹಾಕುವುದಿಲ್ಲ. ಪಕ್ಕದವಳು ನೀರು ಕುಡಿಯಲು ಎದ್ದು ಹೋದಾಗ ಅವಳ ಬುಟ್ಟಿಯ ಮೇಲೆ ಕಾಗೆ ಕೂತರೆ ಕಾಗೆಯನ್ನು ಓಡಿಸುತ್ತಾರೆಯೇ ಹೊರತು ಮೀನನ್ನು ಮುಟ್ಟಿ ಸರಿಸುವುದಿಲ್ಲ. ಅತ್ತೆ ಮನೆಯಲ್ಲೂ ಹಾಗೆಯೇ. ನಾನು ಅಡುಗೆಗೆ ನಿಂತಿದ್ದರೆ ಒಗ್ಗರಣೆ ಸೀಯುತ್ತಿದ್ದರೂ ಕೂಗಿ ಹೇಳಿಯಾರು, ಸೌಟು ಮುಟ್ಟರು. ನನ್ನ ಕತ್ತರಿ, ನನ್ನ ಬಟ್ಟೆ, ನನ್ನ ತುಂಡುಗಳು ಇದ್ದ ಮೇಜಿನ ಹತ್ತಿರ ಅವರು ಆಮೇಲೆ ಸುಳಿಯಲಿಲ್ಲ.

ಕತ್ತರಿಸುತ್ತಾ ಹೋದೆ. ಒಂದರ ಮೇಲೊಂದು ಇಟ್ಟರೆ ಒಂದೇ ತುಂಡಿನಂತೆ ಕಾಣುವ ಚೌಕಗಳು. ದಿನಾ ಸಂಜೆ ಸುಜಾತಾ ಅವುಗಳನ್ನು ಮಡಿಲಲ್ಲಿಟ್ಟುಕೊಂಡು ಇಸ್ಪೀಟಿನ ಎಲೆಯಂತೆ ಎಣಿಸುತ್ತಿದ್ದಳು. ಇನ್ನು ಕೊನೆಯ ಒಂದು ಸಾಲು ಉಳಿದಿತ್ತು. ಆಗ ಒಂದು ಮಧ್ಯಾಹ್ನ ಅವಳಿಗೆ ಹೊಟ್ಟೆನೋವು ಶುರುವಾಯಿತು.

ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಅವಳನ್ನು ಒಳಗೆ ಕರೆದುಕೊಂಡು ಹೋದರು, ಚಪ್ಪಲಿ ಹೊರಗೇ ಉಳಿಯಿತು. ಅತ್ತೆ ಅದನ್ನು ಎತ್ತಿಕೊಂಡು, ಬೆಂಚಿನ ಮೇಲೆ ಮಡಿಲಲ್ಲಿಟ್ಟುಕೊಂಡು ಕೂತರು. ಅಷ್ಟು ಗಟ್ಟಿ ಬಾಯಿಯ ಹೆಂಗಸು, ದನಿಯೇ ಇಲ್ಲದವರ ಹಾಗೆ ಕೇಳಿದರು.

"ಈ ಸಲವೂ ಹಂಗೇ ಆಗ್ತದಾ ಗೋ?"

"ಇಲ್ಲ ಅತ್ತೆ" ಎಂದೆ. ನನಗೇನು ಗೊತ್ತಿತ್ತು? ಅವರ ಕೈಹಿಡಿದೆ. ಮೀನಿನ ಮುಳ್ಳು, ಉಪ್ಪು, ಐಸು ತಿಂದು ಒರಟಾದ ಕೈ, ತಣ್ಣಗಿತ್ತು. ಆ ಹೊತ್ತಿನಲ್ಲಿ ಅತ್ತೆಯ ಮೇಲೆ ನನಗೆ ಹುಟ್ಟಿದ ಮರುಕ ಎಷ್ಟೆಂದರೆ, ಓರೆ ತುಂಡೊಂದನ್ನು ಕತ್ತರಿಸಿಬಿಡಬೇಕು ಎಂದೂ ಅನಿಸಿತು. ಸಂಜೆಗೆ ನೋವು ನಿಂತಿತು, ಮಗುವಿಗೆ ತೊಂದರೆಯಿಲ್ಲ ಎಂದರು, ಮಾರನೆಯ ದಿನ ಮನೆಗೆ ಕರೆತಂದೆವು. ಹೆದರಿಕೆ ಇಳಿದ ಕೂಡಲೇ ನನ್ನ ಆ ಯೋಚನೆಯೂ ಇಳಿಯಿತು. ಮನುಷ್ಯರ ಬುದ್ಧಿಯೇ ಹಾಗೆ, ನನ್ನದು ಸ್ವಲ್ಪ ಹೆಚ್ಚು.

ಅದಾಗಿ ಎರಡು ದಿನಕ್ಕೋ ಏನೋ, ನಾನು ದಾರ ತರಲು ಪೇಟೆಗೆ ಹೋಗಿ ಬರುತ್ತೇನೆ, ಹಿತ್ತಲಿನ ಬಾವಿಕಟ್ಟೆಯ ಮೇಲೆ ಉರಿಬಿಸಿಲಿನಲ್ಲಿ ನಾನು ಗೋಡೆಗೆ ಒರಗಿಸಿಟ್ಟು ಹೋಗಿದ್ದ ಹಸಿರು ಮ್ಯಾಟು ಮಲಗಿದೆ. ಅದರ ಮೇಲೆ ಅಂದವಾಗಿ ಹರಡಿದ ಸಿಗಡಿ. ಮೂಲೆಗಳು ಆಗಲೇ ಮೇಲೆದ್ದಿದ್ದವು. ಒಂದು ಬೆಕ್ಕು ಪಕ್ಕದಲ್ಲಿ ಕೂತು ನನಗಿಂತ ಶಾಂತವಾಗಿ ಪರಿಸ್ಥಿತಿಯನ್ನು ನೋಡುತ್ತಿತ್ತು.

"ಅತ್ತೇ!"

ಅತ್ತೆ ಹೊರಗೆ ಬಂದರು. ನನ್ನ ಮುಖ ನೋಡಲಿಲ್ಲ. "ಮರ್ತೇಹೋಯ್ತು ಗೋ. ತಟ್ಟಿ ಹರ್ದಿತ್ತು. ಕೈಗೆ ಇದು ಸಿಕ್ತು."

ಆ ದಿನಗಳಲ್ಲಿ ಅವರಿಗೆ ಮರೆವು ಇತ್ತು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮನೆಯೆಲ್ಲ ಹುಡುಕಿಸಿದ್ದರು. ಹಾಗಾಗಿ ಎಲ್ಲರೂ ನಂಬಿದೆವು. ನಂಬಿದರೂ ನನ್ನ ಸಿಟ್ಟು ಇಳಿಯಲಿಲ್ಲ, ಮರೆವಿನ ಮೇಲೆ ಸಿಟ್ಟಾಗಲು ಬರುವುದಿಲ್ಲವಲ್ಲ ಎಂದು ಇನ್ನಷ್ಟು ಏರಿತು. ಅತ್ತೆಯ ಜೊತೆ ಹಲವು ದಿನ ಬೇಕಾದಷ್ಟೇ ಮಾತಾಡಿದೆ. ಅವರು ನನಗೆ ಎರಡು ಬಂಗಡೆ ಹೆಚ್ಚು ಬಡಿಸಿದರು. ಬೈದರೂ ಬೈಸಿಕೊಂಡರೂ ಅವರ ದಾರಿ ಒಂದೇ. ಆ ಸಿಗಡಿ ಮಾರನೆಯ ದಿನವೇ ನಾತ ಹೊಡೆಯಿತು, ಅಷ್ಟನ್ನೂ ಅತ್ತೆ ತುಟಿಪಿಟಕ್ಕೆನ್ನದೆ ತೆಂಗಿನ ಬುಡಕ್ಕೆ ಸುರಿದರು.

ಯಜಮಾನರು ಮ್ಯಾಟನ್ನು ಅಕ್ಕಿ ಚೀಲದ ಅಡಿ ಹಾಕಿಟ್ಟರು. ತೆಗೆದಾಗ ಅದು ಒಂದು ಕಡೆ ತಗ್ಗಿ ಇನ್ನೊಂದು ಕಡೆ ಎದ್ದಿತು, ಅಷ್ಟೇ. ಬೇರೆ ತರಿಸಲು ಅಂಥದ್ದು ಆಗ ನಮ್ಮ ಕಡೆ ಸಿಗುತ್ತಿರಲಿಲ್ಲ. ಕೊನೆಯ ಸಾಲನ್ನು ಅದರ ಮೇಲೇ ಕತ್ತರಿಸಬೇಕಾಯಿತು. ಪಟ್ಟಿಯ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತಿತ್ತು. ಉಸಿರು ಬಿಗಿಹಿಡಿದು ಕತ್ತರಿಸಿದೆ, ಒಂದೊಂದೇ ಸರಿ ಬಂದವು. ಕಟ್ಟಕಡೆಯ ತುಂಡಿನಲ್ಲಿ ಪಟ್ಟಿ ಕುಪ್ಪಳಿಸಿತು. ಬ್ಲೇಡು ತನ್ನ ಪಾಡಿಗೆ ತಾನು ಓರೆಗೆ ಓಡಿತು.

ನಾನು ಕಣ್ಣೀರು ಹಾಕಿದೆ ಎಂದರೆ ನೀವು ನಗುತ್ತೀರಿ. ಹಾಕಿದೆ. ಬದಲಿಗೆ ಬಟ್ಟೆಯಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಂದು, ನನ್ನ ಮೇಜಿನ ಪಕ್ಕ ನಿಂತರು. ಮುಟ್ಟಲಿಲ್ಲ. ನಾನೇ ಆ ತುಂಡನ್ನು ಅವರ ಕೈಗೆ ಎಸೆದಂತೆ ಕೊಟ್ಟೆ. ಅವರು ಅದರ ಓರೆ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದರು, ಆ ತುದಿಯಿಂದ ಈ ತುದಿಗೆ, ಮತ್ತೆ ಹಿಂದಕ್ಕೆ.

"ಆಯ್ತು" ಎಂದರು. "ಇನ್ನು ಬರ್ಲಿ."

ಮಳೆ ಹಿಡಿದ ಮೇಲೆ ಅಕ್ಷತಾ ಬಂದಳು. ಅಳುವಿನಲ್ಲೇ ಆಜಿಯ ಗಂಟಲು. ಅಮಾವಾಸ್ಯೆಯೋ ಹುಣ್ಣಿಮೆಯೋ ನೋಡದೆ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಸುಜಾತಾ ಮಗುವನ್ನು ನೋಡುತ್ತಾ, "ವೈನೀ, ವೈನೀ" ಎಂದಷ್ಟೇ ಅನ್ನುತ್ತಿದ್ದಳು. ಓರೆ ತುಂಡಿಗೂ ಇದಕ್ಕೂ ಸಂಬಂಧವಿದೆ ಎಂದು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಡಾಕ್ಟರು ಚೆನ್ನಾಗಿ ನೋಡಿಕೊಂಡರು, ಅವಳು ಮಲಗು ಎಂದರೆ ಮಲಗಿದಳು, ಮಗು ಬದುಕಿತು. ಹೆಸರಿಡುವ ದಿನದೊಳಗೆ ನಾನು ತುಂಡುಗಳನ್ನು ಜೋಡಿಸಿದೆ, ಅತ್ತೆ ಒಳಗೆ ಹಳೆಯ ಬಟ್ಟೆ ಹಾಕಿ ಕೈಯಿಂದ ಸಾಲು ಹೊಲಿಗೆ ಹಾಕಿದರು. ಓರೆ ತುಂಡು ಎಲ್ಲಿ ಬರಬೇಕೆಂದು ಮಾತ್ರ ಅವರು ಹೇಳಿದರು. ಕಾಲಿನ ಕಡೆಗೆ.

ಅಕ್ಷತಾಳಿಗೆ ಬುದ್ಧಿ ಬಂದಾಗಿನಿಂದ ಆ ತುಂಡು ನನ್ನನ್ನು ಕಾಡಿದೆ. ಅಷ್ಟು ಸಾಲು ಚೌಕಗಳಲ್ಲಿ ಅವಳ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು. "ಮಾಮೀ, ಇದನ್ನ ಯಾರು ಕತ್ತರ್ಸಿದ್ದು?" "ಕತ್ತರ್ಸಿದ್ದು ನಾನೇ, ತಪ್ಪು ಮ್ಯಾಟಿಂದು." ವರ್ಷ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಅತ್ತೆ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, "ಪಾಪ, ಮ್ಯಾಟು" ಎನ್ನುತ್ತಿದ್ದರು. ನನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಅತ್ತೆ ಹೋಗಿ ಈಗ ಕೆಲವು ವರ್ಷವಾಯಿತು. ನನಗೆ ಹೊಸ ಮ್ಯಾಟು ಬಂದು, ಅದೂ ಹಳೆಯದಾಗುತ್ತಾ ಬಂದಿದೆ.

ಹಾಗಾಗಿ ಮೊನ್ನೆ ಬೆಳಿಗ್ಗೆ ಅಕ್ಷತಾ ವಾಸನೆಯ ಮ್ಯಾಟನ್ನು ಎತ್ತಿ ಹಿಡಿದಾಗ ಈ ಎಲ್ಲವೂ ಸಾಲಾಗಿ ನೆನಪಾಯಿತು. ಎಲ್ಲವೂ ಎಂದರೆ, ನಾನು ಅಷ್ಟು ವರ್ಷ ತಿಳಿದುಕೊಂಡಿದ್ದಷ್ಟು.

ಅಂದು ಅಗ್ಗಕ್ಕೆ ಸಿಕ್ಕಿತೆಂದು ಚಿಕ್ಕ ಸಿಗಡಿ ತಂದಿದ್ದೆ. ಬಿಸಿಲು ಚೆನ್ನಾಗಿತ್ತು. ಅಕ್ಷತಾ ಬುಟ್ಟಿ ಎತ್ತಿಕೊಂಡು ತಾರಸಿಯ ಮೆಟ್ಟಿಲ ಹತ್ತಿರ ಹೋದವಳು, ತಿರುಗಿ, "ಮಾಮಿ, ಈ ಹಳೇ ಮ್ಯಾಟ್ ಹೆಂಗೂ ಹಾಳಾಗಿದೆ, ವಾಸನೆಯೂ ಇದೆ. ಸಿಗಡಿ ಇದ್ರ ಮೇಲೇ ಹರಡ್ಲಾ?" ಎಂದಳು.

"ಹುಚ್ಚೆಂತ ನಿಂಗೆ? ಪ್ಲಾಸ್ಟಿಕ್ ಮೇಲೆ ಹರಡ್ತಾರಾ ಯಾರಾದ್ರೂ? ಕೆಳಗೆ ಬೆವರ್ತದೆ, ಕೊಳೀತದೆ. ನಿನ್ನ ಆಜಿ ಇದ್ದಿದ್ರೆ ಓಣಿಗೆಲ್ಲ ಕೇಳೂ ಹಂಗೆ ಬೈತಿದ್ರು. ಅವ್ರು ಜನ್ಮದಲ್ಲಿ ಒಂದು ದಿನ ಪ್ಲಾಸ್ಟಿಕ್ ಮೇಲೆ ಸುಂಗಟ..."

ಅಲ್ಲಿಗೆ ನನ್ನ ಬಾಯಿ ನಿಂತಿತು.

ಅತ್ತೆ ಕನ್ನಡಕ ಮರೆಯಬಹುದು. ದೇವರ ದೀಪ ಮರೆಯಬಹುದು. ನನ್ನ ಹೆಸರನ್ನೇ ಮರೆತು ಕೊನೆಕೊನೆಗೆ ನನ್ನನ್ನು ಸುಜಾತಾ ಎಂದೂ ಕರೆದಿದ್ದರು. ಆದರೆ ಸಿಗಡಿಯನ್ನು ಯಾವುದರ ಮೇಲೆ ಒಣಗಿಸಬೇಕೆಂಬುದನ್ನು ಅವರು ಮರೆಯಲು ಸಾಧ್ಯವಿರಲಿಲ್ಲ. ಬಂಗಡೆಯ ತಲೆಯನ್ನೂ ಹಾಳುಮಾಡದ ಹೆಂಗಸು ಅಷ್ಟು ಸಿಗಡಿಯನ್ನು ತೆಂಗಿನ ಬುಡಕ್ಕೆ ಸುರಿಯುವಾಗ ಒಂದು ಮಾತೂ ಆಡಲಿಲ್ಲ. ಮ್ಯಾಟು ಬಿಸಿಲಿಗೆ ಬಗ್ಗುತ್ತದೆಯೇ ಎಂದು ಅಂಗೈ ಆಡಿಸಿ ನನ್ನನ್ನೇ ಕೇಳಿ ತಿಳಿದುಕೊಂಡಿದ್ದರು. ನನ್ನ ಬುಟ್ಟಿಗೆ ಅವರು ಕೈ ಹಾಕುವ ಹಾಗಿರಲಿಲ್ಲ. ನನ್ನ ತುಂಡನ್ನು ಮುಟ್ಟುವ ಹಾಗಿರಲಿಲ್ಲ. ಒಮ್ಮೆ ಕೇಳಿದ್ದರು, ನಾನು ನಕ್ಕಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಮಗಳ ಚಪ್ಪಲಿ ಹಿಡಿದು ಕೂತು ಬಂದ ಮೇಲೆ ಅವರಿಗೆ ಉಳಿದದ್ದು ಇಷ್ಟೇ, ಮ್ಯಾಟನ್ನು ಬಗ್ಗಿಸಿ ನನ್ನ ಕೈಯಿಂದಲೇ ಒಂದು ಓರೆ ಬರಿಸುವುದು. ಸೊಸೆಯಿಂದ ಬೈಸಿಕೊಂಡರು, ಮರೆವಿನ ಮುದುಕಿ ಎನ್ನಿಸಿಕೊಂಡರು, ಓಣಿಯ ಹೆಂಗಸರು ನೋಡಿ ನಗುವಂತೆ ಪ್ಲಾಸ್ಟಿಕ್ ಮೇಲೆ ಸಿಗಡಿ ಹರಡಿದರು. ಸಾಯುವ ತನಕ ಒಂದು ಮಾತು ಹೇಳಲಿಲ್ಲ. "ಪಾಪ, ಮ್ಯಾಟು" ಎಂದರು.

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಗು ಬಂತು, ಅದರ ಬೆನ್ನಿಗೆ ಅಳುವೂ ಬಂತು. ಅತ್ತೆ ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಮತ್ತೆ ಜಗಳವನ್ನೇ ತೆಗೆಯುತ್ತಿದ್ದೆ. ಅಷ್ಟೊಂದು ಆಸೆಯಾಯಿತು ಅವರ ಜೊತೆ ಜಗಳವಾಡಲು.

ಅಕ್ಷತಾ ಗಾಬರಿಯಾಗಿ ನೀರು ತಂದುಕೊಟ್ಟಳು. ಏನೂ ಇಲ್ಲ ಎಂದೆ. ಸಿಗಡಿಯನ್ನು ತಟ್ಟಿಯ ಮೇಲೆ ಹರಡಿ ಬಂದೆವು. ಮ್ಯಾಟನ್ನು ಪಂಚೆಯಲ್ಲಿ ಸುತ್ತಿ ಮತ್ತೆ ಕಪಾಟಿನ ಮೇಲಿಟ್ಟೆ. ಈ ಸಲ ತೊಳೆಯುವ ಯೋಚನೆ ಮಾಡಲಿಲ್ಲ. ಆಮೇಲೆ ಹೊಸ ಮ್ಯಾಟು ಹಾಸಿ, ಗೋದಡಿಯ ಅಂಚಿಗೆ ಪಟ್ಟಿ ಕತ್ತರಿಸಲು ಕೂತೆ. ಅವಳು ಪಕ್ಕದಲ್ಲಿ ಕೂತು ಗೋದಡಿಯನ್ನು ಹರವಿಕೊಂಡಳು. ಅವಳ ಬೆರಳು ಎಂದಿನಂತೆ ಕಾಲಿನ ಕಡೆಯ ಆ ತುಂಡಿಗೇ ಹೋಯಿತು.

"ಮಾಮಿ, ಈಗ ಒಳ್ಳೇ ಮ್ಯಾಟ್ ಇದೆಯಲ್ಲ. ಇದೊಂದು ಬಿಚ್ಚಿ, ಬೇರೆ ಬಟ್ಟೆಯದ್ದು ಸಮಾ ಕತ್ತರ್ಸಿ ಹಾಕೂದಾ?"

"ಬೇಡ."

"ಮ್ಯಾಟ್ ಮಾಡಿದ ತಪ್ಪು ಇನ್ನೂ ಎಷ್ಟು ವರ್ಷ ಇಟ್ಕೊಳ್ಳೂದು?"

"ಅದು ಮ್ಯಾಟ್ ಮಾಡಿದ್ದಲ್ಲ."

"ಹಂಗಾದ್ರೆ ನೀವೇ ಅಂತ ಒಪ್ಪಿಕೊಂಡ್ರಿ!" ಎಂದು ಅವಳು ಚಪ್ಪಾಳೆ ತಟ್ಟಿದಳು.

"ನಾನೂ ಅಲ್ಲ" ಎಂದೆ. "ಅದೊಂದು ತುಂಡು ನಿನ್ನ ಆಜಿ ಕತ್ತರ್ಸಿದ್ದು."